ಕೋಷ್ಟಕ ಕಟ್ಟುವವರ ಪ್ರಶ್ನೆಗಳು

ಕಾಫಿ ಕುಯ್ಲು ಮುಗಿದು ತೋಟಗಳಲ್ಲಿ ವರ್ಷದ ಲೆಕ್ಕ ತೆಗೆಯುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳೂ ಲೆಕ್ಕದ ಕಡೆಗೆ ತಿರುಗುತ್ತವೆ. ಈ ಸಲ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಐದೂ ಒಂದೇ ಕೆಲಸವನ್ನು ಕುರಿತವು: ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ವೆಬ್ ಪುಟದೊಳಗೆ, ನೋಡುವವರು ತಾವೇ ವಿಂಗಡಿಸಿ, ಹುಡುಕಿ, ತಿದ್ದಲು ಬರುವಂಥ ಕೋಷ್ಟಕವನ್ನು ಕಟ್ಟುವುದು. ಪತ್ರ ಬರೆದವರು ಪರದೆಯ ಮೇಲೆ ಕಾಣುವ ಕೋಷ್ಟಕದ ಬಗ್ಗೆ ಕೇಳಿದ್ದಾರೆ. ನನ್ನ ಉತ್ತರಗಳು ಬಹುಪಾಲು ಅದರ ಹಿಂದಿರುವ ದತ್ತಾಂಶದ ಬಗ್ಗೆ ಇವೆ. ತೊಂದರೆ ಇರುವುದು ಅಲ್ಲಿಯೇ ಆದ್ದರಿಂದ ಹಾಗಾಗಿದೆ.

ಪ್ರಶ್ನೆ: ನಮ್ಮದು ಕಾಫಿ ತೋಟ. ದಿನಾಂಕ, ಹಣ್ಣು ಕುಯ್ದವರ ಹೆಸರು, ಬ್ಲಾಕ್, ತೂಕ, ದರ, ಕೂಲಿ ಇಷ್ಟನ್ನು ನಮ್ಮ ರೈಟರ್ ಹತ್ತು ವರ್ಷಗಳಿಂದ ಎಕ್ಸೆಲ್‌ನಲ್ಲಿ ಬರೆದಿಟ್ಟಿದ್ದಾರೆ. ದಿನಕ್ಕೆ ಸುಮಾರು 80 ಜನ, ವರ್ಷಕ್ಕೆ 75 ದಿನದ ಕುಯ್ಲು. ಹೀಗಾಗಿ 60,000 ಸಾಲುಗಳಿವೆ. ನಾನು ಪೈಥಾನ್‌ನಲ್ಲಿ ವೆಬ್ ಪುಟ ಕಟ್ಟುವ ಸಲಕರಣೆಯಾದ ಡ್ಯಾಶ್ ಬಳಸಿ ಒಂದು ಪುಟ ಮಾಡಿ, ಪುಟಕ್ಕೆ 25 ಸಾಲು ಎಂದು ಕೊಟ್ಟಿದ್ದೇನೆ. ಆದರೂ ತೋಟದ ಮನೆಯಲ್ಲಿ ತೆರೆದರೆ ಬಹಳ ಹೊತ್ತು ಬಿಳಿ ಪರದೆಯೇ ಇರುತ್ತದೆ. ಹೊಸ ಕಂಪ್ಯೂಟರ್ ಕೊಳ್ಳಬೇಕೆ?
– ಬೆಳೆಗಾರರ ಮಗಳು, ಮೂಡಿಗೆರೆ

ಉತ್ತರ: ಕಂಪ್ಯೂಟರ್ ಬದಲಿಸಬೇಡಿ. ಪುಟಕ್ಕೆ 25 ಸಾಲು ಎಂದು ನೀವು ಹೇಳಿರುವುದು ಬ್ರೌಸರಿಗೆ, ಸರ್ವರಿಗೆ ಹೇಳಿಲ್ಲ. ಡ್ಯಾಶ್‌ನ ಕೋಷ್ಟಕವಾದ ಡೇಟಾಟೇಬಲ್‌ನಲ್ಲಿ ಪುಟ ವಿಭಾಗಿಸುವ ಕೆಲಸಕ್ಕೆ ‘ಪೇಜ್ ಆ್ಯಕ್ಷನ್’ ಎಂಬ ಆಯ್ಕೆಯಿದೆ, ಮತ್ತು ಅದನ್ನು ಮುಟ್ಟದೆ ಬಿಟ್ಟರೆ ಅದು ‘ನೇಟಿವ್’ ಎಂದೇ ಇರುತ್ತದೆ. ಹಾಗೆಂದರೆ 60,000 ಸಾಲುಗಳೂ ಮೊದಲು ನಿಮ್ಮ ಮನೆಯ ಕಂಪ್ಯೂಟರಿಗೆ ಬಂದು ಇಳಿಯುತ್ತವೆ, ಆಮೇಲೆ ಬ್ರೌಸರ್ ಅವುಗಳಲ್ಲಿ 25ನ್ನು ಮಾತ್ರ ತೋರಿಸುತ್ತದೆ. ಗೋದಾಮಿನ ಮೂಟೆಗಳನ್ನೆಲ್ಲ ಲಾರಿಗೆ ಹೇರಿ ಮನೆ ಬಾಗಿಲಿಗೆ ತರಿಸಿಕೊಂಡು ಒಂದು ಹಿಡಿ ಸ್ಯಾಂಪಲ್ ನೋಡಿದ ಹಾಗೆ.

ಆ ಹೊರೆ ಎಷ್ಟೆಂಬುದನ್ನು ಒಮ್ಮೆ ಕೈಯಲ್ಲೇ ಲೆಕ್ಕ ಹಾಕಿ ನೋಡೋಣ. ದತ್ತಾಂಶ ಬ್ರೌಸರಿಗೆ ಹೋಗುವಾಗ ಪ್ರತಿ ಸಾಲಿನ ಜೊತೆಗೂ ಕಾಲಂಗಳ ಹೆಸರುಗಳು ಮತ್ತೆ ಮತ್ತೆ ಹೋಗುತ್ತವೆ. ನಿಮ್ಮ ಕಾಲಂಗಳು ದಿನಾಂಕ, ಹೆಸರು, ಬ್ಲಾಕ್, ತೂಕ, ದರ, ಕೂಲಿ. ‘ಹೆಸರು’ ಎಂಬುದು ನಮಗೆ ಮೂರಕ್ಷರವಾದರೂ ಯೂನಿಕೋಡ್‌ನಲ್ಲಿ ಗುಣಿತ ಚಿಹ್ನೆಗಳೂ ಸೇರಿ ಐದು ಸಂಕೇತ. ಹೀಗೆ ಆರು ಹೆಸರುಗಳಿಗೆ 26 ಸಂಕೇತಗಳಾಗುತ್ತವೆ, ಮತ್ತು ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಸಾಲಿಗೆ 78 ಬೈಟ್‌ನಂತೆ 60,000 ಸಾಲಿಗೆ 46 ಲಕ್ಷದ 80 ಸಾವಿರ ಬೈಟ್, ಅಂದರೆ ಹತ್ತಿರ ಹತ್ತಿರ ಐದು ಎಂಬಿ ಆಯಿತು. ಇದು ಬರೀ ತಲೆಬರಹದ ತೂಕ, ಒಬ್ಬರ ಹೆಸರೂ ಒಂದು ಕೆಜಿ ಹಣ್ಣೂ ಇದರಲ್ಲಿ ಇನ್ನೂ ಸೇರಿಲ್ಲ. ದತ್ತಾಂಶವನ್ನು ಕಳಿಸಲು ಪಠ್ಯವಾಗಿ ಬರೆಯುವ ಪೈಥಾನ್‌ನ ಜೇಸನ್ ಮಾಡ್ಯೂಲನ್ನು ಅದರ ಪಾಡಿಗೆ ಬಿಟ್ಟರೆ ಅದು ಕನ್ನಡದ ಪ್ರತಿ ಸಂಕೇತವನ್ನು ಆರು ಇಂಗ್ಲಿಷ್ ಚಿಹ್ನೆಗಳ ಸಾಲಾಗಿ ಬರೆಯುವುದರಿಂದ ಈ ಮೊತ್ತ ಇಮ್ಮಡಿಯಾಗುವುದೂ ಉಂಟು. ಸರ್ವರ್ ಇದನ್ನೆಲ್ಲ ಸಂಕುಚಿಸಿ ಕಳಿಸಿದರೆ ಪ್ರಯಾಣವೇನೋ ಹಗುರಾಗುತ್ತದೆ, ಆದರೆ ಬಂದದ್ದನ್ನು ಬಿಚ್ಚಿ ಓದುವ ಕೆಲಸ ಬ್ರೌಸರಿಗೆ ಉಳಿದೇ ಇರುತ್ತದೆ.

ಆದ್ದರಿಂದ ಎಕ್ಸೆಲ್ ಕಡತವನ್ನು ಒಮ್ಮೆ ಎಸ್‌ಕ್ಯೂಎಲೈಟ್ ದತ್ತಸಂಚಯಕ್ಕೆ ವರ್ಗಾಯಿಸಿ. 2000ನೇ ಇಸವಿಯಲ್ಲಿ ಬಂದ ಈ ಪುಟ್ಟ ದತ್ತಸಂಚಯ ಪೈಥಾನ್ ಜೊತೆಯಲ್ಲೇ ಬರುತ್ತದೆ, ಬೇರೆ ಸರ್ವರ್ ಬೇಡ, ಇಡೀ ದತ್ತಾಂಶ ಒಂದೇ ಕಡತದಲ್ಲಿ ಕೂರುತ್ತದೆ. ನಿಮ್ಮ ತೋಟಕ್ಕೆ ಇದು ಬೇಕಾದಷ್ಟಾಯಿತು. ಆಮೇಲೆ ‘ಪೇಜ್ ಆ್ಯಕ್ಷನ್’ ಆಯ್ಕೆಯನ್ನು ‘ಕಸ್ಟಮ್’ ಮಾಡಿ. ಆಗ ನೋಡುವವರು ಮುಂದಿನ ಪುಟ ಒತ್ತಿದಾಗಲೆಲ್ಲ ಎಷ್ಟನೆಯ ಪುಟ, ಪುಟಕ್ಕೆಷ್ಟು ಸಾಲು ಎಂಬ ಎರಡು ಸಂಖ್ಯೆಗಳು ನಿಮ್ಮ ಕಾಲ್‌ಬ್ಯಾಕಿಗೆ, ಅಂದರೆ ಆಗ ತಾನಾಗಿ ಓಡುವ ನಿಮ್ಮ ಪ್ರೋಗ್ರಾಮಿನ ಭಾಗಕ್ಕೆ, ಬರುತ್ತವೆ. ನೀವು ದತ್ತಸಂಚಯಕ್ಕೆ ಎಷ್ಟು ಸಾಲು ಬೇಕೆಂದು ಹೇಳುವ ‘ಲಿಮಿಟ್’ ಮತ್ತು ಎಷ್ಟು ಸಾಲು ದಾಟಬೇಕೆಂದು ಹೇಳುವ ‘ಆಫ್‌ಸೆಟ್’ ಬಳಸಿ ಅಷ್ಟೇ ಸಾಲುಗಳನ್ನು ತೆಗೆದು ಕೊಡುತ್ತೀರಿ. ಡ್ಯಾಶ್ ಪುಟಗಳನ್ನು ಸೊನ್ನೆಯಿಂದ ಎಣಿಸುತ್ತದೆ ಎಂಬುದನ್ನು ಮರೆತರೆ ಪುಟಗಳ ಲೆಕ್ಕ ಒಂದರಷ್ಟು ತಪ್ಪುತ್ತದೆ.

ಇಲ್ಲಿ ಮೂರು ಕಡೆ ಎಚ್ಚರ ಬೇಕು. ಪುಟ ವಿಭಾಗಿಸುವುದನ್ನು ಸರ್ವರಿಗೆ ವಹಿಸಿ ವಿಂಗಡಿಸುವುದನ್ನೂ ಸೋಸುವುದನ್ನೂ ಬ್ರೌಸರಿನಲ್ಲೇ ಬಿಟ್ಟರೆ, ತೂಕದ ತಲೆಬರಹ ಒತ್ತಿದಾಗ ಕಣ್ಣ ಮುಂದಿರುವ 25 ಸಾಲುಗಳು ಮಾತ್ರ ತಮ್ಮತಮ್ಮಲ್ಲೇ ಹಿಂದುಮುಂದಾಗುತ್ತವೆ. ನೋಡುವವರು ಇಡೀ ತೋಟದಲ್ಲೇ ಹೆಚ್ಚು ಕುಯ್ದವರು ಇವರೇ ಎಂದು ತಿಳಿಯುತ್ತಾರೆ. ಅದಕ್ಕಾಗಿ ಈ ಮೂರು ಕೆಲಸಗಳೂ ಒಟ್ಟಿಗೆ ಸರ್ವರಿಗೆ ಹೋಗಬೇಕು, ಇಲ್ಲವೇ ಮೂರೂ ಬ್ರೌಸರಿನಲ್ಲೇ ಇರಬೇಕು.

ಇನ್ನೊಂದು ಎಚ್ಚರ ನಿಮ್ಮ ದತ್ತಾಂಶಕ್ಕೇ ವಿಶೇಷವಾದದ್ದು. ದಿನಾಂಕದ ಪ್ರಕಾರ ವಿಂಗಡಿಸಿದರೆ ಒಂದೇ ದಿನಾಂಕದ 80 ಸಾಲುಗಳಿರುತ್ತವೆ, ನಿಮ್ಮ ಪುಟದಲ್ಲಿ ಹಿಡಿಸುವುದು 25. ಆ 80 ಸಾಲುಗಳು ತಮ್ಮೊಳಗೆ ಯಾವ ಕ್ರಮದಲ್ಲಿ ಬರಬೇಕೆಂದು ನೀವು ಹೇಳದಿದ್ದರೆ ದತ್ತಸಂಚಯ ಪ್ರತಿ ಸಲವೂ ಒಂದೇ ಕ್ರಮದಲ್ಲಿ ಕೊಡಬೇಕೆಂಬ ನಿಯಮವಿಲ್ಲ. ಒಬ್ಬರ ಸಾಲು ಎರಡು ಪುಟಗಳಲ್ಲೂ ಕಾಣಿಸಿಕೊಂಡು ಇನ್ನೊಬ್ಬರ ಸಾಲು ಯಾವ ಪುಟದಲ್ಲೂ ಕಾಣದೆ ಹೋಗಬಹುದು. ವಿಂಗಡಣೆಯ ಕೊನೆಗೆ ಯಾವಾಗಲೂ ಸಾಲಿನ ಕ್ರಮಸಂಖ್ಯೆಯನ್ನು ಸೇರಿಸಿ: ಮೊದಲು ದಿನಾಂಕ, ದಿನಾಂಕ ಒಂದೇ ಆದರೆ ಕ್ರಮಸಂಖ್ಯೆ.

ಮೂರನೆಯದು ಮೊತ್ತ. ಕೆಲವು ವರ್ಷಗಳ ಹಿಂದೆ ನಾನೇ ಒಂದು ತೋಟಕ್ಕೆ ಮಾಡಿಕೊಟ್ಟ ಪುಟದಲ್ಲಿ ಕೋಷ್ಟಕದ ಅಡಿಯಲ್ಲಿ ‘ಒಟ್ಟು ಕೆಜಿ’ ಎಂದು ಹಾಕಿದ್ದೆ, ಆದರೆ ಅದು ಕೂಡುತ್ತಿದ್ದದ್ದು ಪರದೆಯ ಮೇಲಿನ ಪುಟವನ್ನು ಮಾತ್ರ. ಕೂಲಿ ಬಟವಾಡೆಯ ದಿನ ಚೆಕ್‌ರೋಲ್ ಹಿಡಿದು ಕೂತ ಮೇಸ್ತ್ರಿ ಮೊತ್ತ ಕಡಿಮೆ ಬರುತ್ತಿದೆ ಎಂದು ಹೇಳಿದ ಮೇಲೆಯೇ ಅದು ತಿಳಿದದ್ದು. ಹೆಣ್ಣಾಳುಗಳು ಬೆಳಗಿನಿಂದ ಸಂಜೆಯವರೆಗೆ ಕುಯ್ದ ಹಣ್ಣಿನ ಲೆಕ್ಕದಲ್ಲಿ ಆದ ಆ ತಪ್ಪನ್ನು ನಾನು ಇವತ್ತಿಗೂ ಮರೆತಿಲ್ಲ. ಮೊತ್ತವನ್ನು ಸೋಸಿದ ಎಲ್ಲ ಸಾಲುಗಳ ಮೇಲೆ ದತ್ತಸಂಚಯದಿಂದಲೇ ಕೇಳಿ ತೆಗೆಯಿರಿ, ಮತ್ತು ಪಕ್ಕದಲ್ಲಿ ಎಷ್ಟು ಸಾಲುಗಳ ಮೊತ್ತ ಎಂಬುದನ್ನೂ ಬರೆಯಿರಿ.

‘ಆಫ್‌ಸೆಟ್’ ಬಳಸಿದರೆ ಕೊನೆಯ ಪುಟಗಳಿಗೆ ಹೋದಂತೆ ನಿಧಾನವಾಗುತ್ತದೆ ಎಂದು ನೀವು ಎಲ್ಲಾದರೂ ಓದಿರಬಹುದು. ಹಿಂದಿನ ಸಾಲುಗಳನ್ನೆಲ್ಲ ಎಣಿಸಿ ದಾಟಿಯೇ ಅದು ಮುಂದೆ ಹೋಗುವುದರಿಂದ ಆ ಮಾತು ನಿಜ, ಆದರೆ 60,000 ಸಾಲಿಗೆ ಅದು ಗಮನಕ್ಕೂ ಬರುವುದಿಲ್ಲ. ಲಕ್ಷಗಳು ದಾಟಿ ಕೋಟಿಗೆ ಹೋದಾಗ ಯೋಚಿಸಿದರೆ ಸಾಕು.

ಪ್ರಶ್ನೆ: ನಾನು ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ಆಲೂಗಡ್ಡೆ ದರಗಳನ್ನು ತೋರಿಸುವ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಪೈಥಾನ್‌ನಲ್ಲಿ ವೆಬ್ ಪುಟ ಕಟ್ಟುವ ಸ್ಟ್ರೀಮ್‌ಲಿಟ್, ಡ್ಯಾಶ್, ಫ್ಲಾಸ್ಕ್ ಈ ಮೂರು ಸಲಕರಣೆಗಳಲ್ಲಿ ಕೋಷ್ಟಕಕ್ಕೆ ಯಾವುದು ಒಳ್ಳೆಯದು?
– ವಿದ್ಯಾರ್ಥಿ, ಹಾಸನ

ಉತ್ತರ: ನಿಮ್ಮ ಕೋಷ್ಟಕವನ್ನು ಯಾರು ಬಳಸುತ್ತಾರೆ, ಎಷ್ಟು ಜನ ಬಳಸುತ್ತಾರೆ ಎಂಬುದು ತಿಳಿದರೆ ಉತ್ತರ ಸುಲಭ. ನೀವೂ ನಿಮ್ಮ ಮಾರ್ಗದರ್ಶಕರೂ ನೋಡಿ ಮುಗಿಯುವಂಥದ್ದಾದರೆ ಸ್ಟ್ರೀಮ್‌ಲಿಟ್ ಸಾಕು. ನಾಲ್ಕು ಸಾಲು ಬರೆದರೆ ವಿಂಗಡಿಸಲು ಬರುವ ಕೋಷ್ಟಕ ಸಿದ್ಧವಾಗುತ್ತದೆ, ತಿದ್ದಬೇಕೆಂದರೆ ಅದರ ‘ಡೇಟಾ ಎಡಿಟರ್’ ಇದೆ. ಆದರೆ ಅದರ ಸ್ವಭಾವ ತಿಳಿದಿರಬೇಕು. ಬಳಸುವವರು ಒಂದು ಗುಂಡಿ ಒತ್ತಿದರೂ ನಿಮ್ಮ ಇಡೀ ಪ್ರೋಗ್ರಾಂ ಮೊದಲ ಸಾಲಿನಿಂದ ಮತ್ತೆ ಓಡುತ್ತದೆ, ಆದ್ದರಿಂದ ಕಡತ ಓದುವ ಭಾಗವನ್ನು, ಒಮ್ಮೆ ಓದಿದ್ದನ್ನು ನೆನಪಿನಲ್ಲಿಡುವ ‘ಕ್ಯಾಶ್ ಡೇಟಾ’ದೊಳಗೆ ಇಡದಿದ್ದರೆ ಪ್ರತಿ ಒತ್ತಿಗೂ ಕಡತವನ್ನು ಹೊಸದಾಗಿ ಓದುತ್ತದೆ. ಅದರ ಕೋಷ್ಟಕ ಚಿತ್ರದಂತೆ ಕ್ಯಾನ್ವಾಸ್ ಮೇಲೆ ಬರೆಯಲ್ಪಡುವುದರಿಂದ ಬ್ರೌಸರಿನ ಹುಡುಕುವ ಸೌಲಭ್ಯಕ್ಕೆ ಅದರೊಳಗಿನ ಅಕ್ಷರಗಳು ಸಿಗುವುದಿಲ್ಲ. ಕೋಷ್ಟಕದ ಮೂಲೆಯಲ್ಲಿರುವ ಅದರದೇ ಹುಡುಕಾಟವನ್ನು ಬಳಸಬೇಕು. ಪರೀಕ್ಷಕರ ಮುಂದೆ ತೋರಿಸುವಾಗ ಇದು ಗೊತ್ತಿದ್ದರೆ ಒಳ್ಳೆಯದು.

ಒಂದು ಕೋಷ್ಟಕದಲ್ಲಿ ಸಾಲು ಆರಿಸಿದರೆ ಪಕ್ಕದ ನಕ್ಷೆ ಬದಲಾಗಬೇಕು, ಅದರ ಕೆಳಗಿನ ಇನ್ನೊಂದು ಕೋಷ್ಟಕ ತುಂಬಬೇಕು ಎಂಬಂಥ ಕೊಂಡಿಗಳು ಹೆಚ್ಚಾದರೆ ಪ್ಲಾಟ್ಲಿಯವರು 2017ರಲ್ಲಿ ಹೊರತಂದ ಡ್ಯಾಶ್ ಮೇಲು. ಹೊಸದಾಗಿ ಆರಂಭಿಸುವವರು ಅದರ ಹಳೆಯ ಡೇಟಾಟೇಬಲ್ ಬದಲು ಡ್ಯಾಶ್ ಎಜಿ ಗ್ರಿಡ್ ಎಂಬ ಕೋಷ್ಟಕವನ್ನು ಕಲಿಯಲಿ ಎಂದು ನನ್ನ ಸಲಹೆ. ಎಜಿ ಗ್ರಿಡ್‌ನ ಕಮ್ಯುನಿಟಿ ಆವೃತ್ತಿ ಉಚಿತ. ಸಾಲುಗಳನ್ನು ಗುಂಪು ಮಾಡುವುದು, ಪಿವಟ್ (ಉದ್ದಕ್ಕಿರುವ ಸಾಲುಗಳನ್ನು ಅಡ್ಡ ಕಾಲಂಗಳಾಗಿ ತಿರುಗಿಸುವುದು), ಎಕ್ಸೆಲ್ ಕಡತವಾಗಿ ಇಳಿಸುವುದು ಹಣ ಕೊಡಬೇಕಾದ ಆವೃತ್ತಿಯಲ್ಲಿವೆ. ಇದು ತಿಳಿಯದೆ ಕೆಲಸ ಅರ್ಧಕ್ಕೆ ಬಂದ ಮೇಲೆ ಪೇಚಾಡುವವರನ್ನು ನೋಡಿದ್ದೇನೆ.

2010ರಲ್ಲಿ ಬಂದ ಫ್ಲಾಸ್ಕ್‌ನಲ್ಲಿ ಕೋಷ್ಟಕವೇ ಇಲ್ಲ. ಬ್ರೌಸರಿನ ಕಡೆಗೆ ಡೇಟಾಟೇಬಲ್ಸ್ (ಇದು ಡ್ಯಾಶ್‌ನ ಡೇಟಾಟೇಬಲ್ ಅಲ್ಲ) ಅಥವಾ ಟ್ಯಾಬ್ಯುಲೇಟರ್‌ನಂಥ ಜಾವಾಸ್ಕ್ರಿಪ್ಟ್ ಸಲಕರಣೆ ಇಟ್ಟು, ಅದು ಕೇಳಿದ ಸಾಲುಗಳನ್ನು ನೀವೇ ಕೊಡಬೇಕು. ಕೆಲಸ ಹೆಚ್ಚು, ಆದರೆ ವಿದ್ಯಾರ್ಥಿಯಾದ ನಿಮಗೆ ನಾನು ಇದನ್ನೇ ಹೇಳುತ್ತೇನೆ. ಡೇಟಾಟೇಬಲ್ಸ್ ಪ್ರತಿ ಬೇಡಿಕೆಗೂ ‘ಡ್ರಾ’ ಎಂಬ ಒಂದು ಕ್ರಮಾಂಕ ಹಾಕಿ ಕಳಿಸುತ್ತದೆ, ಉತ್ತರದಲ್ಲಿ ಅದೇ ಕ್ರಮಾಂಕ ಮರಳಿ ಬರಬೇಕೆಂದು ಬಯಸುತ್ತದೆ; ತಡವಾಗಿ ಬಂದ ಹಳೆಯ ಉತ್ತರ ಹೊಸದರ ಮೇಲೆ ಕೂರದಿರಲೆಂದು ಈ ಏರ್ಪಾಡು. ಇಂಥದ್ದನ್ನು ಒಮ್ಮೆ ಕೈಯಾರೆ ಬರೆದವರಿಗೆ ಉಳಿದ ಎರಡರ ಒಳಗೆ ಏನು ನಡೆಯುತ್ತಿದೆ ಎಂಬುದು ತಾನಾಗಿ ತಿಳಿಯುತ್ತದೆ. ಒಂದು ಮಾತು ಮಾತ್ರ ನೆನಪಿಡಿ: ಯಾವ ಕಾಲಂ ಪ್ರಕಾರ ವಿಂಗಡಿಸಬೇಕೆಂದು ಬ್ರೌಸರ್ ಕಳಿಸುವ ಹೆಸರನ್ನು ನೇರವಾಗಿ ದತ್ತಸಂಚಯದ ಆದೇಶಕ್ಕೆ ಅಂಟಿಸಬೇಡಿ. ಆದೇಶದೊಳಗಿನ ಮೌಲ್ಯಗಳನ್ನು ಪ್ರಶ್ನಾರ್ಥಕ ಚಿಹ್ನೆಯ ಜಾಗದಲ್ಲಿ ಸುರಕ್ಷಿತವಾಗಿ ತುಂಬಬಹುದು, ಕಾಲಂ ಹೆಸರನ್ನು ಹಾಗೆ ತುಂಬಲು ಬರುವುದಿಲ್ಲ. ಆದ್ದರಿಂದ ಒಪ್ಪುವ ಹೆಸರುಗಳ ಪಟ್ಟಿಯನ್ನು ನೀವೇ ಇಟ್ಟುಕೊಂಡು, ಬಂದ ಹೆಸರು ಅದರಲ್ಲಿದ್ದರೆ ಮಾತ್ರ ಮುಂದುವರಿಯಬೇಕು.

ಪ್ರಶ್ನೆ: ನಮ್ಮ ತಂದೆಯವರು 1984ರಿಂದ ಬರೆದಿಟ್ಟ ಮಳೆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿದ್ದೇನೆ. ತಿಂಗಳುಗಳು ಅಡ್ಡಕ್ಕೆ, ವರ್ಷಗಳು ಉದ್ದಕ್ಕೆ ಬರುವಂತೆ, ಕೋಷ್ಟಕದಲ್ಲಿ ಹೆಚ್ಚು ಮಳೆಯ ಮನೆಗಳು (ಸೆಲ್‌ಗಳು) ಗಾಢ ಬಣ್ಣದಲ್ಲಿರುವಂತೆ ತೋರಿಸಬೇಕು. ಆದರೆ ಕೆಲವು ವರ್ಷದ ಮೊತ್ತ ಪುಸ್ತಕದ ಮೊತ್ತಕ್ಕೆ ಹೊಂದುತ್ತಿಲ್ಲ.
– ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ನೀವು ಕಳಿಸಿದ ಒಂದು ಪುಟದ ನಕಲು ನೋಡಿದ ಕೂಡಲೇ ಕಾರಣ ಕಂಡಿತು. ನಮ್ಮ ತೋಟಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟ್ಸ್ ಲೆಕ್ಕದಲ್ಲಿ ಹೇಳುವುದು ರೂಢಿ. ನೂರು ಸೆಂಟ್ಸ್‌ಗೆ ಒಂದು ಇಂಚು. ತಂದೆಯವರು ಒಂದು ಇಂಚು ಐದು ಸೆಂಟ್ಸ್ ಮಳೆಯನ್ನು 1.5 ಎಂದು ಬರೆದಿದ್ದಾರೆ. ಅವರಿಗೆ ಆ ಚುಕ್ಕೆ ಇಂಚನ್ನೂ ಸೆಂಟ್ಸನ್ನೂ ಬೇರೆ ಮಾಡುವ ಗುರುತು, ದಶಮಾಂಶ ಬಿಂದು ಅಲ್ಲ. ಪೈಥಾನ್‌ನಲ್ಲಿ ಕೋಷ್ಟಕಗಳನ್ನು ಓದಿ ಲೆಕ್ಕ ಹಾಕುವ ಪಾಂಡಾಸ್ ಎಂಬ ಸಲಕರಣೆ ಅದನ್ನು ಒಂದೂವರೆ ಇಂಚು ಎಂದು ಓದಿದೆ. ಒಂದು ಇಂಚಿಗೆ 25.4 ಮಿಲಿಮೀಟರ್, 26.67 ಮಿಲಿಮೀಟರ್ ಆಗಬೇಕಾದದ್ದು 38.1 ಆಗಿದೆ. ಹೂಮಳೆಯ ಸಮಯದ ಸಣ್ಣ ಮಳೆಗಳಲ್ಲಿ ಈ ವ್ಯತ್ಯಾಸ ಸಾಮಾನ್ಯವಾದದ್ದಲ್ಲ. ಆ ಕಾಲಂ ಅನ್ನು ಮೊದಲು ಸಂಖ್ಯೆಯಾಗಿ ಓದದೆ ಪಠ್ಯವಾಗಿ ಓದಿ, ಚುಕ್ಕೆಯ ಎರಡೂ ಬದಿಯನ್ನು ಬೇರ್ಪಡಿಸಿ, ಇಂಚಿನ ಭಾಗವನ್ನು ನೂರರಿಂದ ಗುಣಿಸಿ ಸೆಂಟ್ಸನ್ನು ಕೂಡಿಸಿ, ಪೂರ್ಣಾಂಕವಾಗಿ ಇಟ್ಟುಕೊಳ್ಳಿ. ಚುಕ್ಕೆಯ ನಂತರ ಒಂದೇ ಅಂಕಿ ಇರುವ ದಿನಗಳನ್ನು ಬೇರೆ ಪಟ್ಟಿ ಮಾಡಿ, ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೇ ಕೇಳಿ ಖಚಿತಪಡಿಸಿಕೊಳ್ಳಿ. ಆ ಕೆಲಸವನ್ನು ಯಾವ ಪ್ರೋಗ್ರಾಮೂ ಮಾಡಿಕೊಡುವುದಿಲ್ಲ.

ಎರಡನೆಯ ಕಾರಣ ಇದಕ್ಕಿಂತ ಸೂಕ್ಷ್ಮ. ಮಳೆ ಬಾರದ ದಿನ ಬೇರೆ, ಅಳತೆ ಬರೆಯದ ದಿನ ಬೇರೆ. ಮೊದಲನೆಯದು ಸೊನ್ನೆ, ಎರಡನೆಯದು ಖಾಲಿ. ಪಾಂಡಾಸ್‌ನಲ್ಲಿ ಖಾಲಿ ಮನೆಗಳನ್ನು ಕೂಡಿಸಿದರೆ ಸೊನ್ನೆ ಬರುತ್ತದೆ, ಹೀಗಾಗಿ ಇಡೀ ತಿಂಗಳು ಅಳತೆಯೇ ಬರೆಯದಿದ್ದ ಜೂನ್ ಕೂಡ ನಿಮ್ಮ ಕೋಷ್ಟಕದಲ್ಲಿ ಮಳೆಯೇ ಬಾರದ ಜೂನ್ ಆಗಿ ಬಿಳಿಯಾಗಿ ನಿಲ್ಲುತ್ತದೆ. ಮೊತ್ತ ತೆಗೆಯುವಾಗ ‘ಮಿನ್ ಕೌಂಟ್’ ಎಂಬ ಆಯ್ಕೆಗೆ 1 ಕೊಟ್ಟರೆ, ಒಂದಾದರೂ ಅಳತೆ ಇದ್ದಾಗ ಮಾತ್ರ ಮೊತ್ತ ಬರುತ್ತದೆ, ಇಲ್ಲದಿದ್ದರೆ ಮನೆ ಖಾಲಿಯೇ ಉಳಿಯುತ್ತದೆ. ಖಾಲಿ ಮನೆಗೆ ಬೂದು ಬಣ್ಣ ಕೊಡಿ, ಸೊನ್ನೆಗೆ ಬಿಳಿ ಕೊಡಿ.

ದಿನಾಂಕಗಳನ್ನೂ ಒಮ್ಮೆ ಪರೀಕ್ಷಿಸಿ. ನಾವು ಏಪ್ರಿಲ್ 3ನ್ನು 03/04 ಎಂದು ಬರೆಯುತ್ತೇವೆ. ಪಾಂಡಾಸ್ ತನ್ನಷ್ಟಕ್ಕೆ ಓದಿದರೆ ಅದು ಮಾರ್ಚ್ 4 ಆಗುತ್ತದೆ. 2023ರಲ್ಲಿ ಬಂದ 2.0 ಆವೃತ್ತಿಗೆ ಮೊದಲು 13/04 ಎದುರಾದಾಗ ಅದು ಸದ್ದಿಲ್ಲದೆ ಆ ಒಂದು ಸಾಲನ್ನು ಮಾತ್ರ ಸರಿಯಾಗಿ ಓದಿ ಮುಂದೆ ಹೋಗುತ್ತಿತ್ತು, ಇದರಿಂದ ಪ್ರತಿ ತಿಂಗಳ ಮೊದಲ 12 ದಿನಗಳು ಬೇರೆ ಬೇರೆ ತಿಂಗಳುಗಳಿಗೆ ಚದುರಿಹೋಗುತ್ತಿದ್ದವು. ‘ಡೇ ಫಸ್ಟ್’ ಆಯ್ಕೆ ಕೊಡಿ, ಅಥವಾ ದಿನ, ತಿಂಗಳು, ವರ್ಷದ ನಮೂನೆಯನ್ನೇ ಸ್ಪಷ್ಟವಾಗಿ ಬರೆಯಿರಿ. ದತ್ತಸಂಚಯದಲ್ಲಿ ಮಾತ್ರ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಎಂಬ ಕ್ರಮದಲ್ಲಿ ಇಡಿ. ಆಗ ಪಠ್ಯವಾಗಿ ವಿಂಗಡಿಸಿದರೂ ಕ್ರಮ ತಪ್ಪುವುದಿಲ್ಲ. ಇಷ್ಟಾದ ಮೇಲೆ ದಿನಕ್ಕೊಂದು ಸಾಲಿನಂತೆ ಉದ್ದಕ್ಕೆ ಇಟ್ಟ ದತ್ತಾಂಶವನ್ನು ಪಿವಟ್ ಮಾಡಿ ವರ್ಷ ಮತ್ತು ತಿಂಗಳ ಚೌಕಕ್ಕೆ ತರುವುದೂ, ಬಣ್ಣ ಹಚ್ಚುವುದೂ ಹತ್ತು ನಿಮಿಷದ ಕೆಲಸ.

ಪ್ರಶ್ನೆ: ನಾನು ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಸದಸ್ಯರ ಪಟ್ಟಿಯನ್ನು ವೆಬ್ ಪುಟದಲ್ಲಿ ತಿದ್ದುವಂತೆ ನನ್ನ ತಮ್ಮ ಮಾಡಿಕೊಟ್ಟಿದ್ದಾನೆ. ಎರಡು ತೊಂದರೆ: ಕೆಲವರ ಬ್ಯಾಂಕ್ ಖಾತೆ ಸಂಖ್ಯೆಯ ಮೊದಲ ಸೊನ್ನೆಗಳು ಮಾಯವಾಗಿವೆ, ಮತ್ತು ನಾನೂ ನಮ್ಮ ಸಹಾಯಕರೂ ಒಟ್ಟಿಗೆ ತಿದ್ದಿದರೆ ಒಬ್ಬರು ಮಾಡಿದ್ದು ಅಳಿಸಿಹೋಗುತ್ತದೆ.
– ಓದುಗರು, ಅರಸೀಕೆರೆ

ಉತ್ತರ: ಖಾತೆ ಸಂಖ್ಯೆಯನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಹೆಸರಿಗೆ ಸಂಖ್ಯೆ ಎಂದಿದ್ದರೂ ಅದು ಪಠ್ಯ. ಕಡತ ಓದುವಾಗಲೇ ಆ ಕಾಲಂ ಪಠ್ಯವೆಂದು ಹೇಳದಿದ್ದರೆ ಮೊದಲ ಸೊನ್ನೆಗಳು ಹೋಗುತ್ತವೆ. ಎಕ್ಸೆಲ್ ಸಂಖ್ಯೆಯೊಂದರಲ್ಲಿ 15 ಅಂಕಿಗಳನ್ನು ಮಾತ್ರ ಉಳಿಸಿಕೊಂಡು ಉಳಿದವನ್ನು ಸೊನ್ನೆ ಮಾಡುತ್ತದೆ. ಬ್ರೌಸರಿನ ಜಾವಾಸ್ಕ್ರಿಪ್ಟ್ ಕೂಡ 9,00,71,99,25,47,40,991 ದಾಟಿದ ಪೂರ್ಣಾಂಕಗಳನ್ನು ಕರಾರುವಾಕ್ಕಾಗಿ ಇಟ್ಟುಕೊಳ್ಳಲಾರದು. ಹೀಗೆ ಕಳೆದುಹೋದ ಅಂಕಿಗಳನ್ನು ಲೆಕ್ಕದಿಂದ ಮರಳಿ ತರಲು ಬರುವುದಿಲ್ಲ, ಆದ್ದರಿಂದ ಪಾಸ್‌ಪುಸ್ತಕ ನೋಡಿಯೇ ತುಂಬಬೇಕು. ಹಾಲಿನ ಹಣ ಬೇರೆಯವರ ಖಾತೆಗೆ ಹೋದರೆ ಆಗುವ ತೊಂದರೆ ನನಗಿಂತ ನಿಮಗೆ ಚೆನ್ನಾಗಿ ಗೊತ್ತಿದೆ.

ಎರಡನೆಯದಕ್ಕೆ ನಿಮ್ಮ ತಮ್ಮನವರಿಗೆ ಹೀಗೆ ತಿಳಿಸಿ. ನೀವು ಬೆಳಿಗ್ಗೆ ಪುಟ ತೆರೆದಾಗ ಒಬ್ಬ ಸದಸ್ಯರ ಸಾಲು ನಿಮ್ಮ ಪರದೆಗೂ ಸಹಾಯಕರ ಪರದೆಗೂ ಬಂದಿದೆ. ಅವರು ಮೊಬೈಲ್ ಸಂಖ್ಯೆ ತಿದ್ದಿ ಉಳಿಸಿದರು. ನಿಮ್ಮ ಪರದೆಯಲ್ಲಿ ಇನ್ನೂ ಹಳೆಯ ಮೊಬೈಲ್ ಸಂಖ್ಯೆಯೇ ಇದೆ. ನೀವು ಖಾತೆ ಸಂಖ್ಯೆ ತಿದ್ದಿ ಉಳಿಸಿದಾಗ ಇಡೀ ಸಾಲು ಹೋಗಿ ಅವರ ತಿದ್ದುಪಡಿಯ ಮೇಲೆ ಕೂರುತ್ತದೆ. ಇದಕ್ಕೆ ಪರಿಹಾರವಾಗಿ ಪ್ರತಿ ಸಾಲಿಗೂ ಆವೃತ್ತಿ ಎಂಬ ಒಂದು ಕಾಲಂ ಇರಬೇಕು. ಉಳಿಸುವಾಗ ‘ಈ ಸದಸ್ಯರ ಆವೃತ್ತಿ ಇನ್ನೂ 7 ಆಗಿದ್ದರೆ ಮಾತ್ರ ಬದಲಿಸಿ 8 ಮಾಡು’ ಎಂದು ದತ್ತಸಂಚಯಕ್ಕೆ ಹೇಳಬೇಕು, ಎಷ್ಟು ಸಾಲು ಬದಲಾಯಿತೆಂದು ಕೇಳಬೇಕು. ಒಂದು ಎಂದು ಬಂದರೆ ಸರಿ. ಸೊನ್ನೆ ಬಂದರೆ ನಡುವೆ ಯಾರೋ ತಿದ್ದಿದ್ದಾರೆ ಎಂದರ್ಥ, ಆಗ ಹೊಸ ಸಾಲನ್ನು ತೋರಿಸಿ ಮತ್ತೆ ಕೇಳಬೇಕು. ಇಡೀ ಸಾಲನ್ನು ಕಳಿಸದೆ ಬದಲಾದ ಮನೆಯನ್ನು ಮಾತ್ರ ಕಳಿಸುವುದು ಇನ್ನೂ ಒಳ್ಳೆಯದು.

ಅವರು ಸ್ಟ್ರೀಮ್‌ಲಿಟ್ ಬಳಸಿದ್ದರೆ, ‘ಡೇಟಾ ಎಡಿಟರ್’ ಬದಲಾದ ಸಾಲುಗಳನ್ನು ಎಷ್ಟನೆಯ ಸಾಲು ಎಂಬ ಸ್ಥಾನದಿಂದ ಗುರುತಿಸಿ ಹೇಳುತ್ತದೆ, ಸದಸ್ಯರ ಸಂಖ್ಯೆಯಿಂದಲ್ಲ. ಆ ಸ್ಥಾನದಿಂದ ಸದಸ್ಯ ಸಂಖ್ಯೆಯನ್ನು ಕಂಡುಕೊಂಡೇ ದತ್ತಸಂಚಯ ಮುಟ್ಟಬೇಕು, ಇಲ್ಲದಿದ್ದರೆ ನಡುವೆ ಒಬ್ಬ ಹೊಸ ಸದಸ್ಯರು ಸೇರಿದ ದಿನ ಒಬ್ಬರ ತಿದ್ದುಪಡಿ ಇನ್ನೊಬ್ಬರ ಸಾಲಿಗೆ ಹೋಗುತ್ತದೆ. ಡ್ಯಾಶ್ ಬಳಸಿದ್ದರೆ, ಪ್ರೋಗ್ರಾಮಿನ ಮೇಲ್ಭಾಗದಲ್ಲಿ ಇಟ್ಟ ಒಂದೇ ಡೇಟಾಫ್ರೇಮನ್ನು (ಪಾಂಡಾಸ್‌ನ ಕೋಷ್ಟಕವನ್ನು) ಕಾಲ್‌ಬ್ಯಾಕಿನೊಳಗಿಂದ ತಿದ್ದುವ ಪದ್ಧತಿಯನ್ನು ಇಂದೇ ಬಿಡಲಿ; ಅದು ಎಲ್ಲ ಬಳಕೆದಾರರಿಗೂ ಹಂಚಿಕೆಯಾಗಿರುತ್ತದೆ, ಸರ್ವರ್ ಎರಡು ಪ್ರಕ್ರಿಯೆಗಳಲ್ಲಿ ಓಡುತ್ತಿದ್ದರೆ ಎರಡರಲ್ಲೂ ಬೇರೆ ಬೇರೆ ಪ್ರತಿ ಇರುತ್ತದೆ. ಸದಸ್ಯ ಸಂಖ್ಯೆಯ ಕಾಲಂ ತಿದ್ದಲು ಬಾರದಂತೆ ಕೋಷ್ಟಕದಲ್ಲಿ ಬೀಗ ಹಾಕಿದ್ದರೂ, ಬಂದ ಬೇಡಿಕೆಯನ್ನು ಸರ್ವರಿನಲ್ಲಿ ಮತ್ತೊಮ್ಮೆ ಪರೀಕ್ಷಿಸಲೇಬೇಕು. ಬ್ರೌಸರಿನ ಬೀಗ ಕಣ್ಣಿಗೆ ಮಾತ್ರ.

ಪ್ರಶ್ನೆ: ನಮ್ಮ ಪಟ್ಟಿಯಲ್ಲಿ ಊರುಗಳ ಹೆಸರು ಕನ್ನಡದಲ್ಲಿವೆ. ವಿಂಗಡಿಸಿದರೆ ಕಳಸ ಮೊದಲು ಬಂದು ಕಸಬಾ ಆಮೇಲೆ ಬರುತ್ತದೆ. ಇನ್ನೂ ವಿಚಿತ್ರವೆಂದರೆ, ಕಣ್ಣ ಮುಂದೆಯೇ ಇರುವ ಹೆಸರನ್ನು ಹುಡುಕಿದರೆ ಕೆಲವೊಮ್ಮೆ ಸಿಗುವುದಿಲ್ಲ. ಇಂಗ್ಲಿಷಿನಲ್ಲೇ ಬರೆಯಿರಿ ಎಂದು ಗೆಳೆಯರು ಹೇಳುತ್ತಾರೆ.
– ಗ್ರಂಥಪಾಲಕರು, ಚಿಕ್ಕಮಗಳೂರು

ಉತ್ತರ: ದಯವಿಟ್ಟು ಕನ್ನಡದಲ್ಲೇ ಇಡಿ. ನೀವು ಹೇಳಿದ ಎರಡೂ ತೊಂದರೆಗಳಿಗೆ ಕಾರಣವೂ ಗೊತ್ತಿದೆ, ಪರಿಹಾರವೂ ಇದೆ.

ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ, ಕೊನೆಗೆ ಬರುತ್ತದೆ. ಯೂನಿಕೋಡ್‌ನ ಸಂಕೇತ ಪಟ್ಟಿಯಲ್ಲಿ ಅದು ಲಕಾರದ ಪಕ್ಕದಲ್ಲಿದೆ, ವಕಾರಕ್ಕಿಂತಲೂ ಮೊದಲು. ಪೈಥಾನ್ ಮತ್ತು ಎಸ್‌ಕ್ಯೂಎಲೈಟ್ ಎರಡೂ ಸುಮ್ಮನೆ ಬಿಟ್ಟರೆ ಸಂಕೇತಗಳ ಕ್ರಮದಲ್ಲೇ ವಿಂಗಡಿಸುವುದರಿಂದ ಕಳಸವು ಕಸಬಾಕ್ಕಿಂತ ಮುಂದೆ ಬಂದಿದೆ. ಹಕಾರದ ಮುಂದಿನ ಸಂಕೇತಸ್ಥಾನ ಯೂನಿಕೋಡ್‌ನಲ್ಲಿ ಖಾಲಿ ಇದೆ. ಪೈಥಾನ್‌ನ ‘ಟ್ರಾನ್ಸ್‌ಲೇಟ್’ ಬಳಸಿ ಪ್ರತಿ ಹೆಸರಿನ ಳಕಾರವನ್ನು ಆ ಖಾಲಿ ಸ್ಥಾನಕ್ಕೆ ಬದಲಿಸಿದ ಒಂದು ಪ್ರತಿಯನ್ನು ‘ವಿಂಗಡಣೆ’ ಎಂಬ ಬೇರೆ ಕಾಲಂನಲ್ಲಿ ಇಟ್ಟು, ಅದರ ಮೇಲೆ ಇಂಡೆಕ್ಸ್ ಹಾಕಿ, ವಿಂಗಡಿಸುವಾಗ ಅದನ್ನೇ ಬಳಸಿ. ಪರದೆಯ ಮೇಲೆ ಮೂಲ ಹೆಸರೇ ಕಾಣುತ್ತದೆ.

ಹುಡುಕಾಟದ ತೊಂದರೆಗೆ ಎರಡು ಬೇರುಗಳಿವೆ. ‘ಬೇಲೂರು’ ಎಂಬುದರಲ್ಲಿರುವ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವಕ್ಕೆ ದೀರ್ಘದ ಚಿಹ್ನೆ ಸೇರಿಸಿ ಎರಡು ಸಂಕೇತವಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ ಪದ. ಈಕಾರ, ಐಕಾರ, ಒಕಾರ, ಓಕಾರಗಳಲ್ಲೂ ಹೀಗೆಯೇ. ಪೈಥಾನ್‌ನ ‘ಯೂನಿಕೋಡ್ ಡೇಟಾ’ ಮಾಡ್ಯೂಲಿನಲ್ಲಿ ‘ಎನ್‌ಎಫ್‌ಸಿ’ ಎಂಬ ರೂಪಕ್ಕೆ ತಂದರೆ ಇವೆಲ್ಲ ಒಂದಾಗುತ್ತವೆ. ಇನ್ನೊಂದು ಬೇರು, ‘ಸಾಫ್ಟ್‌ವೇರ್’ ಎಂಬಂಥ ಪದಗಳಲ್ಲಿ ಒತ್ತಕ್ಷರ ಕೂಡದಿರಲೆಂದು, ಅಥವಾ ‘ರ‍್ಯಾಂಕ್’ ಎಂದು ಬರೆಯಲೆಂದು ಹಾಕುವ ಕಣ್ಣಿಗೆ ಕಾಣದ ಸಂಕೇತಗಳು. ಒಬ್ಬರು ಹಾಕಿರುತ್ತಾರೆ, ಒಬ್ಬರು ಬಿಟ್ಟಿರುತ್ತಾರೆ. ಹುಡುಕಾಟಕ್ಕೆಂದೇ ಇನ್ನೊಂದು ಕಾಲಂ ಮಾಡಿ, ಅದರಲ್ಲಿ ಈ ಅದೃಶ್ಯ ಸಂಕೇತಗಳನ್ನು ತೆಗೆದುಹಾಕಿ ಎನ್‌ಎಫ್‌ಸಿ ರೂಪದಲ್ಲಿ ಇಡಿ. ಬಳಸುವವರು ಹುಡುಕುವ ಪೆಟ್ಟಿಗೆಯಲ್ಲಿ ಬರೆದದ್ದನ್ನೂ ಇದೇ ರೀತಿ ಶುದ್ಧ ಮಾಡಿದ ಮೇಲೆ ಹೋಲಿಸಿ. ನಿಮ್ಮ ಹಳೆಯ ಕಡತಗಳು ಯೂನಿಕೋಡ್ ಪೂರ್ವದ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿದ್ದರೆ ಮಾತ್ರ ಇದ್ಯಾವುದೂ ನಡೆಯದು, ಮೊದಲು ಅವನ್ನು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು.

ಕನ್ನಡ ಅಂಕಿಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಸಂತೋಷದ ಸಂಗತಿಯೆಂದು ಹೇಳುತ್ತೇನೆ: ಪೈಥಾನ್‌ನ ‘ಇಂಟ್’ಗೆ ೧೨ ಎಂದು ಕೊಟ್ಟರೆ ಅದು ಹನ್ನೆರಡು ಎಂದೇ ಓದುತ್ತದೆ.

ಪುಟದಲ್ಲಿ ಅಕ್ಷರ ಒತ್ತಿದ ಕೂಡಲೇ ಹುಡುಕುವಂತೆ ಮಾಡಿದ್ದರೆ ಅದನ್ನೂ ತಿದ್ದಬೇಕಾಗುತ್ತದೆ. ಇಂಗ್ಲಿಷ್ ಕೀಲಿಗಳಿಂದ ಉಚ್ಚಾರದಂತೆ ಕನ್ನಡ ಬರೆಯುವವರು ‘ದೇ’ ಎಂದು ಬರೆಯುವಾಗ ಮೊದಲು ‘ದ್’ ಮೂಡುತ್ತದೆ, ಆಮೇಲೆ ‘ದೆ’, ಕೊನೆಗೆ ‘ದೇ’. ಮೊದಲ ಎರಡು ಹಂತಗಳಲ್ಲೂ ಹುಡುಕಾಟ ನಡೆದರೆ ‘ದೇವವೃಂದ’ ಬರೆಯುತ್ತಿರುವವರ ಮುಂದೆ ಕೋಷ್ಟಕ ಒಮ್ಮೆ ಖಾಲಿಯಾಗಿ, ಇನ್ನೊಮ್ಮೆ ಬೇರೆ ಊರುಗಳಿಂದ ತುಂಬಿ ಮಿಣುಕುತ್ತದೆ, ಬರೆಯುವವರು ತಾವೇ ತಪ್ಪು ಬರೆದೆವೆಂದು ಅಳಿಸತೊಡಗುತ್ತಾರೆ. ಕೊನೆಯ ಕೀಲಿ ಒತ್ತಿ ಅರ್ಧ ಸೆಕೆಂಡಿನಷ್ಟು ಕಾದು ಆಮೇಲೆ ಹುಡುಕಿ. ಪಟ್ಟಿಯನ್ನು ಇಳಿಸಿಕೊಳ್ಳುವ ಗುಂಡಿ ಇಟ್ಟಿದ್ದರೆ ಸಿಎಸ್‌ವಿ ಕಡತವನ್ನು, ಎಕ್ಸೆಲ್ ಗುರುತಿಸಬಲ್ಲ ಸಂಕೇತವನ್ನು ಆರಂಭದಲ್ಲೇ ಸೇರಿಸುವ ‘ಯುಟಿಎಫ್-8-ಸಿಗ್’ ರೂಪದಲ್ಲಿ ಬರೆಯಿರಿ. ಬರೀ ಯುಟಿಎಫ್-8ರಲ್ಲಿ ಬರೆದ ಕಡತವನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದವರಿಗೆ ಕಳಸವೂ ಕಾಣುವುದಿಲ್ಲ, ಕಸಬಾವೂ ಕಾಣುವುದಿಲ್ಲ, ಅರ್ಥವಿಲ್ಲದ ಚಿಹ್ನೆಗಳು ಮಾತ್ರ ಕಾಣುತ್ತವೆ.